ಮೂಗಿನ ಮೇಲೊಂದು ರಸಮಟ್ಟ

ನಿನ್ನೆ ಚಿಕ್ಕಮ್ಮನ ಮನೆಯಲ್ಲಿ ಸತ್ಯನಾರಾಯಣ ಪೂಜೆ. ಶ್ರಾವಣ ಶನಿವಾರ, ಹೊರಗೆ ಮಳೆ ಧೋ ಅಂತ ಸುರಿಯುತ್ತಿತ್ತು, ಎರಡನೇ ಪಂಕ್ತಿಯಲ್ಲಿ ಕಷ್ಟಪಟ್ಟು ಒಂದು ಎಲೆ ಹಿಡಿದಿದ್ದೆ. ಉಪ್ಪು ಬಂತು, ಕೋಸಂಬರಿ ಬಂತು, ಪಲ್ಯ ಬಂತು, ಅನ್ನ ಇನ್ನೇನು ಬರಬೇಕು ಅನ್ನುವಷ್ಟರಲ್ಲಿ ಪಕ್ಕದ ಎಲೆಯ ಭಾವ "ಒಂದ್ನಿಮಿಷ ಅಲ್ಲಾಡ್ಬೇಡ" ಅಂದ. ಕೆನ್ನೆ ಮೇಲೆ ಸೊಳ್ಳೆ ಕೂತಿರಬೇಕು ಅಂದುಕೊಂಡು ನಾನು ಉಸಿರು ಬಿಗಿ ಹಿಡಿದು ಕೂತೆ. ಭಾವ ಎಡಗೈಯಲ್ಲಿ ಜೇಬಿನಿಂದ ಮೊಬೈಲ್ ತೆಗೆದ, ಅದರಲ್ಲಿರುವ ರಸಮಟ್ಟದ ಆ್ಯಪ್ ಒತ್ತಿದ, ಮೊಬೈಲನ್ನು ನೆಟ್ಟಗೆ ನಿಲ್ಲಿಸಿ ಅದರ ಅಂಚನ್ನು ನನ್ನ ಮೂಗಿಗೆ ತಾಗಿಸಿ ಹಿಡಿದ.

"ಎರಡು ಡಿಗ್ರಿ ಎಡಕ್ಕಿದೆ ಮಾರಾಯ."

ಅನ್ನದ ಪಾತ್ರೆ ಹಿಡಿದು ಬಂದವನು ಹಾಗೇ ನಿಂತುಬಿಟ್ಟ. ಎದುರು ಪಂಕ್ತಿಯಿಂದ ಯಾರೋ "ಎಷ್ಟಂತೆ?" ಅಂತ ಕೇಳಿದರು. ಅವರ ಪಕ್ಕದವರು "ಎರಡಂತೆ" ಅಂದರು. ಆ ಸುದ್ದಿ ಸಾರಿಗಿಂತ ಮೊದಲೇ ಪಂಕ್ತಿಯ ಆ ತುದಿ ಮುಟ್ಟಿತು. ಅಲ್ಲಿ ಕೂತಿದ್ದ, ನಾನು ಜೀವಮಾನದಲ್ಲಿ ನೋಡಿರದ ಅಜ್ಜರೊಬ್ಬರು ಎಲೆ ಮೇಲಿಂದ ತಲೆ ಎತ್ತಿ ನನ್ನನ್ನು ಸಾವಕಾಶ ನೋಡಿ, "ಎರಡೆಲ್ಲ ಎಂತ ಮಾಡದಿಲ್ಲ ಬಿಡಿ, ಮೈಸೂರ್ ಪಾಕ್ ಬರಲಿ" ಅಂತ ತೀರ್ಪು ಕೊಟ್ಟರು. ಭಾವನಿಗೆ ಸಮಾಧಾನವಿಲ್ಲ. "ಇರಿ, ನೆಲವೇ ಸೊಟ್ಟ ಇದ್ರೆ?" ಅಂತ ಮೊಬೈಲನ್ನು ನೆಲದ ಮೇಲಿಟ್ಟು ನೋಡಿದ. ನೆಲ ಸೊನ್ನೆ ತೋರಿಸಿತು. ಹಾಕಿಸಿದವನು ಅವನೇ ಆದ್ದರಿಂದ ಮುಖ ಅರಳಿತು. ಮತ್ತೆ ಮೂಗಿಗೆ ಹಿಡಿದ. ಎರಡೇ.

ಈ ಭಾವ ಸೋದರತ್ತೆಯ ಮಗ, ನನಗಿಂತ ಎರಡು ವರ್ಷಕ್ಕೆ ದೊಡ್ಡವ, ಶಿವಮೊಗ್ಗದಲ್ಲಿ ಮನೆ ಕಟ್ಟಿಸಿಕೊಡುವ ಕಂಟ್ರಾಕ್ಟರ್. ಎಲ್ಲಿಗೆ ಹೋದರೂ ಒಂದು ಕಣ್ಣು ಮುಚ್ಚಿ ನೋಡುವುದು ಅವನ ಅಭ್ಯಾಸ. ಛತ್ರಕ್ಕೆ ಹೋದರೆ ಕಂಬ ನೋಡುತ್ತಾನೆ, ದೇವಸ್ಥಾನಕ್ಕೆ ಹೋದರೆ ದೇವರಿಗಿಂತ ಮೊದಲು ಗರುಡಗಂಬ ನೋಡುತ್ತಾನೆ, ನಮ್ಮ ಮನೆಗೆ ಬಂದರೆ ಗೋಡೆ ಮೇಲಿನ ಅಜ್ಜನ ಫೋಟೊ ಸರಿ ಮಾಡಿಯೇ ಕೂರುತ್ತಾನೆ. ಆರು ತಿಂಗಳಿಂದ ಆ ಕಣ್ಣಿಗೆ ನನ್ನ ಮೂಗು ಸಿಕ್ಕಿದೆ.

ಇಷ್ಟೇ ಆಗಿದ್ದರೆ ಸಹಿಸಬಹುದಿತ್ತು. ಈ ಮೂಗನ್ನು ಮೊದಲು ಸೊಟ್ಟ ಮಾಡಿದ ಪುಣ್ಯಾತ್ಮನೂ ಇವನೇ! ತೀರ್ಥಹಳ್ಳಿ ಹತ್ತಿರ ಅಜ್ಜನ ಮನೆ ಅಂಗಳ, ನನಗೆ ಎಂಟು ವರ್ಷ. ಅಡಿಕೆ ಹಾಳೆ ಮೇಲೆ ನಾನು ಕೂತಿದ್ದೆ, ಸೋಗೆ ಹಿಡಿದು ಭಾವ ಎಳೆಯುತ್ತಿದ್ದ. ಆಗ ಅವನಿಗೆ ಬಸ್ ಡ್ರೈವರ್ ಆಗುವ ಆಸೆ. "ಆಗುಂಬೆ ಘಾಟಿ ಬಂತು, ಎಲ್ಲರೂ ಗಟ್ಟಿ ಹಿಡ್ಕಳಿ" ಅಂತ ಕೂಗಿದ. ಆಗುಂಬೆ ಘಾಟಿಗೆ 14 ತಿರುವು. ನಾವು ಮೂರನೆಯದರಲ್ಲೇ ತುಳಸಿಕಟ್ಟೆಗೆ ಹೊಡೆದೆವು. ಹೊಡೆದೆವು ಅಂದರೆ, ನಾನು ಹೊಡೆದೆ. ಡ್ರೈವರ್ ಪಕ್ಕಕ್ಕೆ ಹಾರಿಕೊಂಡ. ಅಜ್ಜಿ ಅರಿಶಿನ ಹಚ್ಚಿದಳು, ಊತ ಇಳಿಯಿತು, ಮೂಗು ಮಾತ್ರ ಆವತ್ತು ತಿರುಗಿದ ಕಡೆಗೇ ತಿರುಗಿಕೊಂಡು 33 ವರ್ಷ ಇತ್ತು.

ಸರಿ ಮಾಡಿಸಿಕೊಳ್ಳುವ ಆಸೆ ಯಾವಾಗ ಹುಟ್ಟಿತು ಅಂತ ಕೇಳಬೇಡಿ. ನಲವತ್ತು ದಾಟಿದ ಗಂಡಸು, ಸೊಸೈಟಿಯ ಕ್ಯಾಶಿಯರ್, ಚಂದಕ್ಕೆ ಮೂಗಿನ ಆಪರೇಷನ್ ಮಾಡಿಸಿಕೊಳ್ಳುತ್ತೇನೆ ಅಂತ ಊರಲ್ಲಿ ಹೇಳಲಿಕ್ಕಾಗುತ್ತದಾ? ಎಲ್ಲರಿಗೂ "ಉಸಿರಾಟದ ತೊಂದರೆ, ಒಳಗಿನ ಮೂಳೆ ಸೊಟ್ಟ" ಅಂದೆ. ಅರ್ಧ ನಿಜ. ಎರಡು ಹೊಳ್ಳೆಗಳ ನಡುವಿನ ಗೋಡೆ ವಾಲಿಕೊಂಡು ಎಡಗಡೆ ಗಾಳಿಯೇ ಆಡುತ್ತಿರಲಿಲ್ಲ. ಇನ್ನರ್ಧ ನಿಜ ಏನೆಂದರೆ, ಗ್ರೂಪ್ ಫೋಟೊಗಳಲ್ಲಿ ನಾನು ಯಾವಾಗಲೂ ಪಕ್ಕದವನ ಜೇಬು ನೋಡುತ್ತಿರುವವನ ಹಾಗೆ ಕಾಣುತ್ತಿದ್ದೆ. ವಿಮೆಯವರಿಗೆ ಮಾತ್ರ ಈ ಸುಳ್ಳು ನಡೆಯಲಿಲ್ಲ. ಒಳಗಿನ ಗೋಡೆ ಖರ್ಚು ನಮ್ಮದು, ಹೊರಗಿನ ಚಂದದ ಖರ್ಚು ನಿಮ್ಮದು ಅಂದರು.

ಬೆಂಗಳೂರಿನ ಡಾಕ್ಟರು ಕಂಪ್ಯೂಟರ್‌ನಲ್ಲಿ ನನ್ನ ಫೋಟೊ ಹಾಕಿ, "ಇಲ್ಲೊಂದು ಹಂಪ್ ಇದೆ, ತೆಗೀಬೇಕು" ಅಂದರು. ನಮ್ಮೂರಲ್ಲಿ ಹಂಪ್ ಹಾಕಿಸುವುದಕ್ಕೂ ಅರ್ಜಿ, ತೆಗೆಸುವುದಕ್ಕೂ ಅರ್ಜಿ. ಇವರು ಎರಡೂವರೆ ಗಂಟೆಯಲ್ಲಿ ತೆಗೆಯುತ್ತೇನೆ ಅಂದಾಗ ನಂಬಿಕೆ ಬರಲಿಲ್ಲ. ಹೇಗೆ ಅಂತ ಕೇಳಬಾರದಿತ್ತು, ಕೇಳಿದೆ. ಹೊಳ್ಳೆಗಳ ನಡುವಿನ ಚರ್ಮದಲ್ಲಿ ಸಣ್ಣ ಗಾಯ ಮಾಡಿ, ಮೂಗಿನ ಚರ್ಮವನ್ನು ಬಾನೆಟ್ ಎತ್ತಿದ ಹಾಗೆ ಎತ್ತುತ್ತಾರೆ. ಉಬ್ಬಿರುವ ಮೂಳೆಯನ್ನು ಉಳಿಯಲ್ಲಿ ಕೆತ್ತಿ ಅರದಲ್ಲಿ ತೀಡುತ್ತಾರೆ. ಪಕ್ಕದ ಮೂಳೆಗಳನ್ನು ಬೇಕೆಂದೇ ಮುರಿದು ನೆಟ್ಟಗೆ ಕೂರಿಸುತ್ತಾರೆ. ತುದಿಗೆ ಆಧಾರ ಬೇಕಾದರೆ ಒಳಗೋಡೆಯ ಮೆದು ಮೂಳೆಯನ್ನೇ ಸ್ವಲ್ಪ ಕತ್ತರಿಸಿ ಕಂಬ ಕೊಡುತ್ತಾರೆ. ಇದನ್ನು ಭಾವನಿಗೆ ಹೇಳಿದ್ದೇ ತಪ್ಪಾಯಿತು. "ಓ, ಒಳಗಿನ ಗೋಡೆ ಒಡ್ದು ಹೊರಗೆ ಪಿಲ್ಲರ್ ಎಬ್ಬಿಸದು. ನಾವೂ ಮಾಡ್ತೀವಿ, ಆದ್ರೆ ಲೋಡ್ ನೋಡ್ಕಬೇಕು" ಅಂದ.

ಅವನ ಬಾಯಿ ಮುಚ್ಚಿಸಲು ಒಂದು ಹಳೇ ಕತೆ ಹೇಳಿದೆ, ಅದು ಇನ್ನೂ ದೊಡ್ಡ ತಪ್ಪು. ಮೂಗು ಕಟ್ಟುವ ವಿದ್ಯೆ ಸುಶ್ರುತನ ಕಾಲದಿಂದ ನಮ್ಮಲ್ಲಿದೆ. ಇಂಗ್ಲಿಷರಿಗೆ ಅದು ಚೆನ್ನಾಗಿ ಗೊತ್ತಾಗಿದ್ದು 1794ರ ಅಕ್ಟೋಬರ್‌ನಲ್ಲಿ, ಲಂಡನ್ನಿನ ಜೆಂಟಲ್‌ಮನ್ಸ್ ಮ್ಯಾಗಝೀನ್‌ನಲ್ಲಿ ಒಂದು ಪತ್ರ ಅಚ್ಚಾದಾಗ. ಕೊವಾಸ್‌ಜಿ ಅಂತ ಒಬ್ಬ ಮರಾಠಿ ಎತ್ತಿನ ಗಾಡಿಯವನು ಇಂಗ್ಲಿಷ್ ಸೈನ್ಯದಲ್ಲಿದ್ದ. 1792ರ ಯುದ್ಧದಲ್ಲಿ ಟಿಪ್ಪುವಿನ ಕಡೆಯವರ ಕೈಗೆ ಸಿಕ್ಕು ಮೂಗು ಕಳೆದುಕೊಂಡ. ಆಮೇಲೆ ಪುಣೆ ಹತ್ತಿರ ಒಬ್ಬ ಅವನ ಹಣೆಯ ಚರ್ಮವನ್ನೇ ಕೆಳಗೆ ಮಡಚಿ ಹೊಸ ಮೂಗು ಕಟ್ಟಿಕೊಟ್ಟ. ಅಳತೆ ತಪ್ಪಬಾರದು ಅಂತ ಮೊದಲು ಮೇಣದಲ್ಲಿ ಮೂಗು ಮಾಡಿ, ಅದನ್ನು ಹಣೆ ಮೇಲೆ ಚಪ್ಪಟೆ ಮಾಡಿ ಗೆರೆ ಎಳೆದನಂತೆ. ಇದನ್ನೆಲ್ಲ ಓದಿಕೊಂಡು ಲಂಡನ್ನಿನಲ್ಲಿ ಜೋಸೆಫ್ ಕಾರ್ಪ್ಯೂ ಅನ್ನುವ ಡಾಕ್ಟರು ಅದೇ ಆಪರೇಷನ್ ಮಾಡಿದ್ದು 1814ರಲ್ಲಿ. ಇಷ್ಟಕ್ಕೆ ನಿಲ್ಲಿಸಬೇಕಿತ್ತು. ಪುಣೆಯವನು ಇಟ್ಟಿಗೆ ಮಾಡುವವರ ಜಾತಿಯವನು ಅಂತ ಆ ಪತ್ರದಲ್ಲಿದೆ ಅಂತಲೂ ಬಾಯಿ ಬಿಟ್ಟೆ.

"ನೋಡಿದ್ಯಾ, ನಮ್ ಲೈನಿನವ್ನೇ!" ಅಂದ ಭಾವ. ಆವತ್ತಿನಿಂದ ನನ್ನ ಮೂಗಿನ ಮೇಲೆ ಅವನಿಗೆ ವೃತ್ತಿಯ ಹಕ್ಕೂ ಬಂತು.

ಆಪರೇಷನ್ ಹೇಗಾಯಿತು ಅಂತ ನನಗೆ ಗೊತ್ತಿಲ್ಲ, ನಿದ್ದೆಯಲ್ಲಿದ್ದೆ. ಎದ್ದಾಗ ಮೂಗಿನ ಮೇಲೆ ಸ್ಪ್ಲಿಂಟ್, ಒಳಗೆ ಪ್ಯಾಕ್. ನೋವು ಅಂಥದ್ದೇನಿಲ್ಲ, ಬಾಯಲ್ಲಿ ಉಸಿರಾಡುವುದೇ ಹಿಂಸೆ. ಒಂದು ತುತ್ತು ನುಂಗುವುದೋ ಒಂದು ಉಸಿರು ಎಳೆಯುವುದೋ ಅಂತ ಪ್ರತಿ ಸಲ ಯೋಚನೆ ಮಾಡಬೇಕು. ತಲೆ ಎತ್ತರ ಇಟ್ಟು ಮಲಗಬೇಕು. ಎರಡನೇ ದಿನ, ಮೂರನೇ ದಿನ ಕಣ್ಣ ಸುತ್ತ ನೇರಳೆ ಬಣ್ಣ, ಆಮೇಲೆ ಹಸಿರು, ಆಮೇಲೆ ಹಳದಿ. ಕನ್ನಡಿಯಲ್ಲಿ ನೋಡಿಕೊಂಡರೆ ಯಕ್ಷಗಾನದ ಬಣ್ಣದ ವೇಷ ಚೌಕಿಯಿಂದ ಎದ್ದು ಬಂದ ಹಾಗಿತ್ತು. ಒಂದು ವಾರಕ್ಕೆ ಸ್ಪ್ಲಿಂಟ್ ತೆಗೆದರು. ಹೊಸ ಮೂಗು ಹೊರಬಿತ್ತು ಅಂತ ಆಸೆಯಿಂದ ನೋಡಿದರೆ ಅಲ್ಲೊಂದು ಬೇಯಿಸಿದ ಗೆಣಸು ಕೂತಿತ್ತು. "ಊತ. ಮುಕ್ಕಾಲು ಪಾಲು ಬೇಗ ಇಳಿಯುತ್ತೆ. ತುದಿಯದು ಪೂರ್ತಿ ಇಳಿಯೋಕೆ ಒಂದು ವರ್ಷ ಬೇಕು. ಟೈಮ್ ಕೊಡಿ, ತಾನಾಗೇ ಕೂರುತ್ತೆ" ಅಂದರು ಡಾಕ್ಟರು. ಮೇಲ್ತುಟಿ ಸೆಟೆದುಕೊಂಡು ಒಂದು ತಿಂಗಳು ಸರಿಯಾಗಿ ನಗಲಿಕ್ಕೂ ಬರಲಿಲ್ಲ. ಸೊಸೈಟಿಯಲ್ಲಿ ಯಾರಿಗೂ ವ್ಯತ್ಯಾಸ ಗೊತ್ತಾಗಲಿಲ್ಲ ಅಂದರು, ಅದನ್ನು ಹೇಗೆ ತಗೊಳ್ಳಬೇಕೋ ತಿಳಿಯಲಿಲ್ಲ.

ಮೂಗಿನ ಕತೆ ಹೇಳುವವರು ಕನ್ನಡಕದ ವಿಷಯ ಯಾಕೆ ಮುಚ್ಚಿಡುತ್ತಾರೋ! ಮೂಳೆ ಗಟ್ಟಿಯಾಗುವವರೆಗೆ ಆರು ವಾರ ಮೂಗಿನ ಮೇಲೆ ಕನ್ನಡಕದ ಭಾರ ಬೀಳಬಾರದು. ನನ್ನದು ಮೈನಸ್ ಆರು. ಕನ್ನಡಕ ತೆಗೆದರೆ ನನಗೆ ನೂರರ ನೋಟೂ ಒಂದೇ, ಪಾಸ್‌ಬುಕ್ಕೂ ಒಂದೇ. ಕನ್ನಡಕಕ್ಕೆ ಟೇಪ್ ಸುತ್ತಿ ಹಣೆಗೆ ಅಂಟಿಸಿ ತೂಗುಬಿಡುವ ಉಪಾಯವನ್ನು ನರ್ಸಮ್ಮ ಹೇಳಿಕೊಟ್ಟರು. ಮಾರ್ಚ್ ಕೊನೆ, ಲೆಕ್ಕ ಮುಗಿಸುವ ಗಡಿಬಿಡಿ, ಸೆಕೆಗೆ ಬೆವರಿ ಟೇಪ್ ಬಿಡುತ್ತಿತ್ತು, ಕನ್ನಡಕ ನಿಧಾನಕ್ಕೆ ಕೆಳಗೆ ಇಳಿಯುತ್ತಿತ್ತು, ನಾನು ತಲೆಯನ್ನು ನಿಧಾನಕ್ಕೆ ಹಿಂದೆ ಹಾಕುತ್ತಿದ್ದೆ. ಗಿರಾಕಿಗಳನ್ನು ಗದ್ದ ಎತ್ತಿ ನೋಡುವ ಕ್ಯಾಶಿಯರ್ ಅಂತ ಮೇಲಿನವರಿಗೆ ದೂರು ಹೋಯಿತು. ಅಡಿಕೆ ದುಡ್ಡು ಕಟ್ಟಲು ಬಂದ ಯಜಮಾನರೊಬ್ಬರು ಬಹಳ ಹೊತ್ತು ನೋಡಿ, "ಎಂತ ಅಪ್ಪೀ, ಪವರ್ ಜಾಸ್ತಿ ಆಗಿ ಮೇಲೆ ಹತ್ತಿದ್ದನಾ?" ಅಂತ ಕೇಳಿದರು. ಸಂಜೆ ಟೇಪ್ ಕಿತ್ತರೆ ಅದರ ಜೊತೆ ಹುಬ್ಬಿನ ಕೂದಲೂ ಬರುತ್ತಿತ್ತು. ಮೂಗು ನೆಟ್ಟಗಾಗುವ ಹೊತ್ತಿಗೆ ಹುಬ್ಬು ಸೊಟ್ಟ.

ಮೂಗು ಸೀಟಬಾರದು, ಸೀನು ಬಂದರೆ ಬಾಯಿ ತೆರೆದೇ ಸೀನಬೇಕು ಅಂತಲೂ ಹೇಳಿದ್ದರು. ವಿಚಿತ್ರ ಏನೆಂದರೆ ಆ ದಿನಗಳಲ್ಲಿ ಒಗ್ಗರಣೆಯ ವಾಸನೆ ಬರುತ್ತಿರಲಿಲ್ಲ, ಒಗ್ಗರಣೆಯ ಸೀನು ಮಾತ್ರ ಬರುತ್ತಿತ್ತು. ಒಳಗೆಲ್ಲ ಊದಿಕೊಂಡಿರುವಾಗ ವಾಸನೆ ಹೋಗುವುದು ಮಾಮೂಲಿ, ಕೆಲವು ವಾರದಲ್ಲಿ ಬರುತ್ತದೆ ಅಂದಿದ್ದರು. ನಾನು ತಲೆ ಕೆಡಿಸಿಕೊಂಡಿರಲಿಲ್ಲ. ಅಷ್ಟರಲ್ಲಿ ಅಪ್ಪೆಮಿಡಿ ಬಂತು.

ಮಿಡಿ ಆರಿಸುವ ಕೆಲಸ ನಮ್ಮ ಮನೆಯಲ್ಲಿ ಮೊದಲು ಅಪ್ಪನದು, ಆಮೇಲೆ ನನ್ನದು. ತೊಟ್ಟು ಮುರಿಯಬೇಕು, ಸೊನೆ ಒಸರುತ್ತದೆ, ಮೂಗಿಗೆ ಹಿಡಿದ ಕೂಡಲೇ ಇದು ಜೀರಿಗೆ, ಇದು ಕರ್ಪೂರ, ಇದು ಸುಮ್ನೆ ಮಾವಿನಕಾಯಿ ಅಂತ ಹೇಳಬೇಕು. ಎಷ್ಟೇ ಸೊಟ್ಟ ಇದ್ದರೂ ಆ ಮೂಗಿಗೆ ಈ ಒಂದು ಮರ್ಯಾದೆ ಇತ್ತು. ಈ ಸಲ ಅಮ್ಮ ಗೋಣಿ ತಾಟು ಹಾಸಿ ಮಿಡಿ ಸುರಿದು ಎದುರಿಗೆ ಕೂತಳು. ನಾನು ತೊಟ್ಟು ಮುರಿದೆ. ಮೂಸಿದೆ. ನೀರು ಮೂಸಿದ ಹಾಗಿತ್ತು. ಹೇಳಲಿಕ್ಕೆ ಬಾಯಿ ಬರಲಿಲ್ಲ. ನಾಲ್ಕೈದು ಮಿಡಿಯನ್ನು ಅಂದಾಜಿನ ಮೇಲೆ ಒಳ್ಳೆಯ ಗುಡ್ಡೆಗೆ ಹಾಕಿದೆ. ಅಮ್ಮ ಏನೂ ಅನ್ನಲಿಲ್ಲ. ಆರನೆಯದನ್ನು ನನ್ನ ಕೈಯಿಂದ ತೆಗೆದುಕೊಂಡು ತಾನೇ ಮೂಸಿ, "ನೀನು ಉಪ್ಪು ಅಳೆದು ಕೊಡು" ಅಂದಳು.

ವಾಸನೆ ಈಗ ಬಂದಿದೆ, ಪೂರ್ತಿ ಬಂದಿದೆ. ಆದರೆ ಊಟಕ್ಕೆ ಕೂತಾಗ ಒಮ್ಮೊಮ್ಮೆ ಭರಣಿಯಿಂದ ಪರಿಮಳವೇ ಇಲ್ಲದ ಒಂದು ಮಿಡಿ ಮೇಲೆ ಬರುತ್ತದೆ. ಅಮ್ಮ ಅದನ್ನು ಸುಮ್ಮನೆ ನನ್ನ ಎಲೆಗೆ ಹಾಕುತ್ತಾಳೆ. ನಾನೂ ಸುಮ್ಮನೆ ತಿನ್ನುತ್ತೇನೆ.

ನಿನ್ನೆಯ ವಿಷಯಕ್ಕೆ ಬರುತ್ತೇನೆ, ಸಿಟ್ಟು ಇನ್ನೂ ಇಳಿದಿಲ್ಲ. ವಿನೋಬನಗರದ ಆ ಮನೆ ಹೋದ ವರ್ಷ ಭಾವನೇ ಕಟ್ಟಿಸಿಕೊಟ್ಟಿದ್ದು. ಊಟ ಮುಗಿಸಿ ಕೈ ತೊಳೆದು ಬರುವಾಗ ನೋಡಿದೆ, ಮುಂಬಾಗಿಲಿಗೆ ಒಳಗಡೆಯಿಂದ ರುಬ್ಬುವ ಗುಂಡುಕಲ್ಲು ಒತ್ತಿಟ್ಟಿದ್ದರು. ಯಾಕೆ ಅಂತ ಕೇಳಿದೆ. "ಹಾಕಿದ್ರೆ ಕೂರದೇ ಇಲ್ಲ" ಅಂದಳು ಚಿಕ್ಕಮ್ಮ. ಭಾವ ಎಲೆಯಡಿಕೆ ಮೆಲ್ಲುತ್ತ ಬಂದ.

"ಮರ ಅಲ್ವನಾ, ಮಳೆಗಾಲ ನೋಡು, ಊತ. ಟೈಮ್ ಕೊಡ್ಬೇಕು. ಒಂದು ವರ್ಷ ಆಗ್ಲಿ, ತಾನಾಗೇ ಕೂರತ್ತೆ."

ನಾನು ಅವನ ಜೇಬಿನಿಂದ ಮೊಬೈಲ್ ತೆಗೆದೆ. ಗುಂಡುಕಲ್ಲು ಸರಿಸಿದೆ. ಬಾಗಿಲ ಚೌಕಟ್ಟಿಗೆ ನೆಟ್ಟಗೆ ಹಿಡಿದೆ. ಮೂರೂವರೆ ತೋರಿಸಿತು.

ಭಾವ ಒಂದು ಕಣ್ಣು ಮುಚ್ಚಿ ಬಾಗಿಲು ನೋಡಿದ, ಆ ಕಣ್ಣು ತೆರೆದು ಇನ್ನೊಂದು ಮುಚ್ಚಿ ನೋಡಿದ, ಮೊಬೈಲನ್ನು ಅಂಗಿಗೆ ಒರೆಸಿ ಇನ್ನೊಮ್ಮೆ ಹಿಡಿದ. "ಈ ಮೊಬೈಲೇ ಸರಿ ಇಲ್ಲ, ರಿಪೇರಿಗೆ ಕೊಡ್ಬೇಕು" ಅಂದ. ನಾವು ಇದರ ಮೇಲೆ ಜಗಳ ಆಡುತ್ತಿರುವಾಗಲೇ ಬಾಗಿಲು ತನ್ನಷ್ಟಕ್ಕೆ ಕಿರ್ರ್ ಅಂತ ತೆರೆದುಕೊಂಡಿತು, ಮಳೆಯಲ್ಲಿ ನೆನೆದ ಬೀದಿ ನಾಯಿಯೊಂದು ನಮ್ಮಿಬ್ಬರ ನಡುವೆ ದಾಟಿ ಪ್ರಸಾದದ ಕಡೆಗೆ ನಡೆಯಿತು, ಒಳಗಿನಿಂದ ಚಿಕ್ಕಮ್ಮ "ಗುಂಡುಕಲ್ಲು ಸರಿಸಿದ್ದು ಯಾರು?" ಅಂತ ಕೂಗಿದಳು. ಭಾವ ಹೆಬ್ಬೆರಳಿನಲ್ಲಿ ನನ್ನನ್ನು ತೋರಿಸಿದ.