ಹೊರಗಿನವರಿಗೆ ಬರೆದ ಉಯಿಲು: ಒಂದು ಸ್ಪಷ್ಟನೆ

ಮಕ್ಕಳಿರುವಾಗ ಆಸ್ತಿಯನ್ನೆಲ್ಲ ಹೊರಗಿನವರಿಗೆ ಬರೆದ ಉಯಿಲು ತಾನಾಗಿಯೇ ರದ್ದಾಗುತ್ತದೆ, ಆದರೆ ನೋಂದಣಿಯಾಗಿದ್ದರೆ ಅದನ್ನು ಯಾರೂ ಪ್ರಶ್ನಿಸುವಂತಿಲ್ಲ ಎಂಬ ಸಂದೇಶವೊಂದು ವಾಟ್ಸಾಪ್‌ನಲ್ಲಿ ಹರಿದಾಡುತ್ತಿದೆ. ಇದರ ಎರಡೂ ಭಾಗಗಳು ತಪ್ಪು. ಇದನ್ನು ನಂಬಿ ನೊಂದ ಕುಟುಂಬಗಳು ವ್ಯರ್ಥ ವ್ಯಾಜ್ಯಕ್ಕೆ ಇಳಿಯಬಾರದು, ನ್ಯಾಯವಾದ ತಕರಾರನ್ನು ಕೈಬಿಡಲೂಬಾರದು.

ಹಿಂದೂ ವ್ಯಕ್ತಿಯೊಬ್ಬರು ತಮ್ಮ ಸ್ವಯಾರ್ಜಿತ ಆಸ್ತಿಯನ್ನು ಆರೈಕೆ ಮಾಡಿದವರಿಗೋ ಮಠಕ್ಕೋ ಬರೆದುಕೊಡಬಹುದು. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯ 30ನೇ ಕಲಂ ಪ್ರಕಾರ ಅವಿಭಕ್ತ ಕುಟುಂಬದ ಆಸ್ತಿಯಲ್ಲಿ ತಮ್ಮ ಪಾಲನ್ನು ಕೂಡ ಉಯಿಲಿನಲ್ಲಿ ಸೇರಿಸಬಹುದು, ಆದರೆ ಇತರರ ಪಾಲನ್ನಲ್ಲ. ಮುಸ್ಲಿಮರಿಗೆ ಅನ್ವಯಿಸುವ ನಿಯಮ ಬೇರೆ: ವಾರಸುದಾರರ ಒಪ್ಪಿಗೆಯಿಲ್ಲದೆ ಸಾಮಾನ್ಯವಾಗಿ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಬರೆಯುವಂತಿಲ್ಲ.

ಉಯಿಲಿಗೆ ನೋಂದಣಿ ಕಡ್ಡಾಯವಲ್ಲ, ನೋಂದಣಿಯಾದ ಮಾತ್ರಕ್ಕೆ ಅದು ಸಾಬೀತಾಗುವುದೂ ಇಲ್ಲ. 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆಯ 63ನೇ ಕಲಂ ಕನಿಷ್ಠ ಇಬ್ಬರು ಸಾಕ್ಷಿಗಳ ದೃಢೀಕರಣವನ್ನು ಬಯಸುತ್ತದೆ. ವಂಚನೆಯಿಂದ ಅಥವಾ ಬಲವಂತದಿಂದ ಬರೆಸಿದ ಉಯಿಲು 61ನೇ ಕಲಂನಂತೆ ಅಸಿಂಧು. ಇಲ್ಲಿ ಮುಖ್ಯವಾದದ್ದು, ಮೈಸೂರು ಹೈಕೋರ್ಟಿನಿಂದ ಮೇಲ್ಮನವಿಯಾಗಿ ಸುಪ್ರೀಂ ಕೋರ್ಟಿಗೆ ಹೋದ ಎಚ್. ವೆಂಕಟಾಚಲ ಅಯ್ಯಂಗಾರ್ ಪ್ರಕರಣದ ತೀರ್ಪು: ನಡುಗುವ ಸಹಿ, ಬರೆದವರ ದುರ್ಬಲ ಮನಃಸ್ಥಿತಿ, ಲಾಭ ಪಡೆಯುವವರೇ ಮುಂದೆ ನಿಂತು ಉಯಿಲು ಬರೆಸಿರುವುದು ಮುಂತಾದ ಸಂಶಯಾಸ್ಪದ ಸನ್ನಿವೇಶಗಳಿದ್ದಲ್ಲಿ ಅವನ್ನು ನಿವಾರಿಸುವ ಹೊಣೆ ಉಯಿಲನ್ನು ಮುಂದಿಡುವವರದೇ. ಮಕ್ಕಳನ್ನು ಕೈಬಿಟ್ಟಿರುವುದು ಪರಿಶೀಲನೆಗೆ ಒಂದು ಅಂಶವಾಗಬಹುದು. ಅದೊಂದೇ ಉಯಿಲನ್ನು ಬೀಳಿಸುವುದಿಲ್ಲ.