ಗುಡ್ಡಕ್ಕೊಂದು ಓಟಿಪಿ

ಗುಡ್ಡ ಹತ್ತಬೇಕಾದರೆ ಮೊದಲು ಮೊಬೈಲಿನಲ್ಲಿ ಬುಕ್ ಮಾಡಬೇಕಂತೆ. 2024ರ ಜನವರಿಯಲ್ಲಿ ಕುಮಾರ ಪರ್ವತಕ್ಕೆ ಸಾವಿರಾರು ಮಂದಿ ಜಾತ್ರೆಗೆ ಬಂದಂಗೆ ಮುಗಿಬಿದ್ದ ಮೇಲೆ ಹುಟ್ಟಿದ ಬುದ್ಧಿ ಇದು, ನಿಮಗೆ ಗೊತ್ತಿರುವುದೇ. ತಪ್ಪೇನಿಲ್ಲ. ಮನುಷ್ಯನ ಎರಡು ಕಾಲಿನಷ್ಟು ಅಪಾಯಕಾರಿ ಯಂತ್ರ ಗುಡ್ಡದ ಮೇಲೆ ಇನ್ನೊಂದಿಲ್ಲ.

ನಾವು ಆರು ಮಂದಿ ದೋಸ್ತರು, ಎಲ್ಲರೂ ಐವತ್ತರ ಆಸುಪಾಸು. ಮಳೆ ಬಿದ್ದು ಸಂಡೂರಿನ ಗುಡ್ಡಗಳು ಹಸಿರಾಗಿವೆ ಎಂಬ ಸುದ್ದಿ ಕೇಳಿ ಬಳ್ಳಾರಿಯಿಂದ ಹೊರಟೆವು. ದಾರಿಯಲ್ಲಿ ಒಗ್ಗಾಣಿ ಮಿರ್ಚಿ. ಎರಡನೇ ಪ್ಲೇಟು ಮುಗಿಸಿ ಎದ್ದು ನಿಂತದ್ದೇ ಅವತ್ತಿನ ಮೊದಲ ಚಾರಣ.

ಮುಂದೊಂದು ಗೇಟು. ಗೇಟಿನ ಹುಡುಗ ಬಲು ಶಿಸ್ತಿನವನು. ಹೆಸರು, ವಯಸ್ಸು, ಊರು ಬರೆದುಕೊಂಡ. ನೀರಿನ ಬಾಟ್ಲಿ ಎಣಿಸಿದ: ಒಂಬತ್ತು. 'ಭೇಟಿಯ ಉದ್ದೇಶ' ಎಂಬ ಕಾಲಮ್ಮಿಗೆ ಬಂದು ಪೆನ್ನು ನಿಲ್ಲಿಸಿದ.

"ಯಾಕ್ ಹತ್ತತೀರಿ ಸಾರ್?"

"ಹೊಟ್ಟಿ ಕರಗಸಾಕಪ್ಪ," ಅಂದ ನಮ್ಮ ದೋಸ್ತ. ಹುಡುಗ ಹಾಗೇ ಬರೆದುಕೊಂಡ.

ನಮ್ಮ ಆರು ಹೆಸರು ಬರೆಯುವಷ್ಟರಲ್ಲಿ ನಾಲ್ಕು ಅದಿರು ಲಾರಿ ದಾಟಿದವು. ತಲೆ ಎತ್ತದೆ, ಎಡಗೈಯಲ್ಲೇ ಹಗ್ಗ ಎಳೆದು ಗೇಟು ಎತ್ತುತ್ತಿದ್ದ. ಒಳಗೇನಿದೆ ಎಂದು ಕೇಳಲಿಲ್ಲ, ಕೇಳುವುದೇನಿದೆ? ನಾವು ಗುಡ್ಡಕ್ಕೆ ಹೊರಟಿದ್ದೆವು, ಗುಡ್ಡವೇ ಟಾರ್ಪಾಲು ಹೊದ್ದು ಎದುರಿಗೆ ಬರುತ್ತಿತ್ತು. ರಸ್ತೆ ಬದಿಯ ಬೇವಿನ ಎಲೆಯೊಂದನ್ನು ಬೆರಳಲ್ಲಿ ಒರೆಸಿದೆ. ಕೆಂಪಿನ ಕೆಳಗೆ ಹಸಿರಿತ್ತು, ಸುದ್ದಿ ಸುಳ್ಳಲ್ಲ.

ಗುಡ್ಡ ಎಂದರೆ ನಮ್ಮೂರಿನ ಕೋಟೆ ನೆನಪಾಗುತ್ತದೆ. ಹೈದರಾಲಿ ಫ್ರೆಂಚ್ ಎಂಜಿನಿಯರನ ಕೈಯಲ್ಲಿ ಕೋಟೆ ಕಟ್ಟಿಸಿದನಂತೆ. ಕೆಲಸ ಮುಗಿದ ಮೇಲೆ ನೋಡಿದರೆ ಎದುರಿನ ಕುಂಬಾರ ಗುಡ್ಡವೇ ಎತ್ತರ. ಸಿಟ್ಟಿಗೆ ಎಂಜಿನಿಯರನನ್ನು ನೇಣಿಗೆ ಹಾಕಿಸಿದ ಎಂಬುದು ಬಳ್ಳಾರಿಯ ಅಜ್ಜಂದಿರು ಹೇಳುವ ಕಥೆ. ಪಾಪದವ ಅವಸರ ಮಾಡಿ ಹುಟ್ಟಿದ. ಈಗಾಗಿದ್ದರೆ ಕುಂಬಾರ ಗುಡ್ಡಕ್ಕೊಂದು ಟೆಂಡರ್ ಕರೆದು, ಎರಡೇ ಮಳೆಗಾಲದಲ್ಲಿ ಕೋಟೆಗಿಂತ ಗಿಡ್ಡ ಮಾಡಿ, ಉಳಿದದ್ದನ್ನು ಎಂ-ಸ್ಯಾಂಡಿಗೆ ಕೊಟ್ಟು, ಎಂಜಿನಿಯರನಿಗೆ ಬಡ್ತಿಯನ್ನೂ ಕೊಡುತ್ತಿದ್ದರು.

ನಗುವುದಕ್ಕೂ ಸಾಕಾಗಿದೆ ಈಗೀಗ. 2006ರಲ್ಲಿ ಸಂಡೂರು ತಾಲ್ಲೂಕಿನ ತುಮಟಿಯ ಸುಗ್ಗಲಮ್ಮನ ಗುಡಿಯನ್ನೇ ಗಣಿಯವರು ಉಡಾಯಿಸಿದರು. ದೇವಿಯನ್ನು ಯಾವ ಓಟಿಪಿಯೂ ಕಾಯಲಿಲ್ಲ. ಆಂಧ್ರದ ಗಡಿಯ ಗುರುತುಗಳೇ ಅಳಿಸಿಹೋದವು. 2011ರಲ್ಲಿ ಸುಪ್ರೀಂ ಕೋರ್ಟ್ ಬಂದು ಗಣಿ ನಿಲ್ಲಿಸಬೇಕಾಯಿತು. ಅಷ್ಟಾದರೂ 2024ರಲ್ಲಿ ಸಂಡೂರಿನ ದೇವದಾರಿ ಗುಡ್ಡದ ಅದಿರು ಗಣಿಗಾಗಿ ಕಡಿಯಬೇಕಾದ ಮರಗಳ ಲೆಕ್ಕ ಪೇಪರಿನಲ್ಲಿ ಬಂತು: ಸುಮಾರು 99 ಸಾವಿರ. ಮರಗಳನ್ನೂ ಎಣಿಸುತ್ತಾರೆ, ಬಾಟ್ಲಿಗಳನ್ನೂ ಎಣಿಸುತ್ತಾರೆ. ವಾಪಸ್ ತರಬೇಕಾದ್ದು ಬಾಟ್ಲಿ ಮಾತ್ರ.

ಹತ್ತಿದ್ದರ ಬಗ್ಗೆ ಹೆಚ್ಚು ಹೇಳುವುದಿಲ್ಲ. ಮೊದಲ ತಿರುವಿನಲ್ಲೇ ಇಬ್ಬರು ಕೂತರು.

ಸಂಜೆ ಗೇಟಿಗೆ ಬಂದಾಗ ಹುಡುಗ ಚೀಲ ಬಿಚ್ಚಿಸಿ ಎಣಿಸಿದ. ಎಂಟು.

"ಒಂದ್ ಕಮ್ಮಿ ಐತ್ರಿ ಸಾರ್. ಗುಡ್ಡದಾಗ ಬಿಟ್ ಬಂದೀರಿ. ಹಂಗ ಬಿಡಂಗಿಲ್ರಿ."

ಅವನ ಮಾತು ನೂರಕ್ಕೆ ನೂರು ಸರಿ. ಹೊಟ್ಟೆ ಕರಗಿಸಲು ಬಂದಿದ್ದ ದೋಸ್ತ ಟಾರ್ಚು ಹಿಡಿದು ಮತ್ತೆ ಹತ್ತಿದ. ನಾವು ಗೇಟಿನ ಪಕ್ಕ ಕೂತು ಲಾರಿ ಎಣಿಸಿದೆವು. ಹನ್ನೊಂದನೆಯದು ದಾಟುವಾಗ ಅವನು ಬಾಟ್ಲಿ ಹಿಡಿದುಕೊಂಡು ಇಳಿದ.