ಒಬ್ಬರೇ ಜಪಾನಿಗೆ? ಕತಕಾನ ಕಲಿತು ಹೊರಡಿ
ಒಬ್ಬರೇ ಜಪಾನಿಗೆ ಹೋಗುವ ಬಗ್ಗೆ ನೀವು ಬರೆದ ಲೇಖನ ಇಷ್ಟವಾಯಿತು. ಆದರೆ ಜಪಾನಿ ಭಾಷೆ ಚೆನ್ನಾಗಿ ಬರುವ ತನಕ ಒಬ್ಬರೇ ಹೋಗಬೇಡಿ ಎಂದು ಅದರಲ್ಲಿ ಕೊಟ್ಟ ಸಲಹೆಯನ್ನು ನಾನು ಒಪ್ಪುವುದಿಲ್ಲ. ಹಾಗೆ ಕಾಯುತ್ತಾ ಕೂತರೆ ಹೋಗುವುದೇ ಆಗಲ್ಲ. ಚೀನಾದಿಂದ ಬಂದ ಕಾಂಜಿ ಅಕ್ಷರಗಳ ಗೊಡವೆ ಸದ್ಯಕ್ಕೆ ಬೇಡ, ಹೊರಭಾಷೆಯ ಪದಗಳನ್ನು ಬರೆಯಲು ಬಳಸುವ ಕತಕಾನ ಲಿಪಿಯನ್ನು ಮೊದಲು ಕಲಿಯಿರಿ. ಮೂಲ ಅಕ್ಷರ 46. ಕ, ಕಿ, ಕು, ಕೆ, ಕೊ ಅಂತ ಸಾಗುವ ಸಾಲು ನಮ್ಮ ಕಾಗುಣಿತದ ಹಾಗೇ ಇದೆ, ಕನ್ನಡದವರಿಗೆ ಬೇಗ ಹತ್ತುತ್ತದೆ. ಕಾಫಿ, ಟಾಯ್ಲೆಟ್, ಹೋಟೆಲ್ ಇಂಥ ಪದಗಳನ್ನೆಲ್ಲ ಅದರಲ್ಲೇ ಬರೆಯುತ್ತಾರೆ.

ಟೋಕಿಯೊ ಮೆಟ್ರೊಗೆ ಹೆದರಬೇಕಿಲ್ಲ, ನಿಲ್ದಾಣಗಳಿಗೆ ನಂಬರ್ ಇದೆ. ಗಿಂಜಾ ಲೈನಿನ ಅಸಾಕುಸಾ ಅಂದರೆ ಜಿ 19.

ನಿಜವಾದ ಕಷ್ಟ ಊಟದ್ದು, ಅದರಲ್ಲೂ ಸಸ್ಯಾಹಾರಿಗಳಿಗೆ. ಮಾಂಸ ಬೇಡ ಅಂದರೆ ಸಾಲದು. ಮಿಸೊ (ಹುದುಗಿಸಿದ ಸೋಯಾ ಹಿಟ್ಟು) ಸೂಪ್, ಉದೋನ್ ನೂಡಲ್ಸಿನ ಸಾರು ಇವಕ್ಕೆಲ್ಲ ಸಾಮಾನ್ಯವಾಗಿ ಹಾಕುವ ದಾಶಿ ಎಂಬ ತಿಳಿ ರಸವನ್ನು ಒಣಗಿಸಿದ ಬೊನಿಟೊ ಮೀನಿನಿಂದ ತೆಗೆಯುತ್ತಾರೆ. ಬಟ್ಟಲಲ್ಲಿ ಮೀನಿನ ಚೂರೂ ಕಾಣಿಸುವುದಿಲ್ಲ! "ಮಾಂಸ, ಮೀನು, ಮೀನಿನ ದಾಶಿ ಯಾವುದನ್ನೂ ತಿನ್ನುವುದಿಲ್ಲ" ಎಂದು ಜಪಾನಿಯಲ್ಲಿ ಬರೆಸಿದ ಚೀಟಿ ದಯವಿಟ್ಟು ಜೇಬಿನಲ್ಲಿ ಇಟ್ಟುಕೊಳ್ಳಿ. ಆಗುವುದಾದರೆ ಕೋಯಾಸಾನ್ ಬೆಟ್ಟದ ಬೌದ್ಧ ದೇವಾಲಯದಲ್ಲಿ ಒಂದು ರಾತ್ರಿ ತಂಗಿ. ಅಲ್ಲಿ ಬಡಿಸುವ, ಶೋಜಿನ್ ಎಂಬ ಬೌದ್ಧ ಭಿಕ್ಷುಗಳ ಊಟದಲ್ಲಿ ಮಾಂಸ, ಮೀನು ಎರಡೂ ಇರುವುದಿಲ್ಲ.

ಅನುವಾದದ ಆ್ಯಪ್‌ಗೆ ಜಪಾನಿ ಭಾಷೆಯನ್ನು ಹೊರಡುವ ಮೊದಲೇ ಇಳಿಸಿಕೊಳ್ಳಿ. ಪೊಲೀಸ್ 110, ಆಂಬುಲೆನ್ಸ್ 119.